ಹದಿನೈದು ದಿನಕ್ಕೆ ತಂದ ಬ್ಯಾಟು

3 ಜನವರಿ 1983, ಸೋಮವಾರ

ಡ್ಯೂಟಿ ಮುಗಿಯುವ ಹೊತ್ತಿಗೆ ಸೂಪರ್‌ವೈಜರ್ ದತ್ತಾತ್ರಿಯವರು ಜನ್ನತಬಿಯನ್ನೂ ನನ್ನನ್ನೂ ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಗದಗಿನ ಟೆಲಿಫೋನ್ ಎಕ್ಸ್‌ಚೇಂಜ್ ಅಟೋಮ್ಯಾಟಿಕ್ ಆಗುವುದು ನಿಕ್ಕಿಯಾಗಿದೆ. ಊರೊಳಗಿನ ಮಾತಿಗೆ ಜನ ತಾವೇ ಡಯಲ್ ತಿರುಗಿಸುತ್ತಾರೆ. ನಮ್ಮ ಕೈಗೆ ಉಳಿಯುವುದು ಪರಊರಿನ ಟ್ರಂಕ್ ಕಾಲ್ ಅಷ್ಟೇ. ಹಾಗಾಗಿ ಒಬ್ಬ ಆಪರೇಟರ್ ಹೆಚ್ಚಾಗುತ್ತಾಳೆ, ಆ ಒಬ್ಬಳು ಮುಂಡರಗಿಗೆ ಹೋಗಬೇಕು.

ಎಲ್ಲರಿಗಿಂತ ಜೂನಿಯರ್ ನಾವಿಬ್ಬರು. ಹನ್ನೊಂದು ವರ್ಷದ ಹಿಂದೆ ಒಂದೇ ದಿನ ಸೇರಿದವರು. ಇಬ್ಬರಲ್ಲಿ ಯಾರು ಅಂತ ಜನ್ನತ್ ಕೇಳಿದಳು. ದತ್ತಾತ್ರಿಯವರು ಪೆನ್ನಿನ ಟೊಪ್ಪಿಗೆ ತೆಗೆಯುತ್ತ ಹಾಕುತ್ತ ಹೇಳಿದರು: ಇಲಾಖೆಯ ರಾಜ್ಯ ತಂಡದಲ್ಲಿ ಆಡುವವರನ್ನು ಇದ್ದ ಊರಿನಿಂದ ಕದಲಿಸುವುದಿಲ್ಲ. ಇಪ್ಪತ್ಮೂರನೇ ತಾರೀಖು ಹುಬ್ಬಳ್ಳಿಯಲ್ಲಿ ಶಟಲ್ ಆಯ್ಕೆ ಇದೆ. ಈ ಭಾಗದಿಂದ ಹೆಣ್ಣುಮಕ್ಕಳು ಒಬ್ಬರೇ.

ಈ ಭಾಗದ ಇಲಾಖೆಯಲ್ಲಿ ಶಟಲ್ ಆಡುವ ಹೆಣ್ಣುಮಕ್ಕಳು ಒಟ್ಟು ಐದು ಮಂದಿ. ಹುಬ್ಬಳ್ಳಿ-ಧಾರವಾಡದ ಮೂವರನ್ನು ನಾವಿಬ್ಬರೂ ಎಷ್ಟೋ ಸಲ ಸೋಲಿಸಿದ್ದೇವೆ. ಅಂದರೆ ಕಡೆಗೆ ಉಳಿಯುವುದು ಆಕೆ, ನಾನು.

ಹೊರಗೆ ಬಂದು ಇಬ್ಬರೂ ಚಹಾ ಕುಡಿದೆವು. ಆಕೆ ಬಸಿಯಲ್ಲಿ ಉಳಿದ ಚಹಾವನ್ನು ಕಪ್ಪಿಗೆ ಸುರಿದು, ಮತ್ತೆ ಬಸಿಗೆ ಸುರಿದು, ಕುಡಿಯದೆ ಇಟ್ಟು ಎದ್ದಳು.

4 ಜನವರಿ

ಮುಂಡರಗಿಯಲ್ಲಿ ನನಗೆ ಯಾರಿದ್ದಾರೆ? ಗಂಡ ಬಿಟ್ಟ ಹೆಂಗಸು ಸಣ್ಣ ಊರಲ್ಲಿ ಒಂಟಿಯಾಗಿ ಖೋಲಿ ಹಿಡಿದರೆ ಜನ ಬಾಯಿ ಮುಚ್ಚಿಕೊಂಡಿರುತ್ತಾರೆಯೇ? ಇಲ್ಲಿ ಅಣ್ಣನ ಮನೆಯಲ್ಲಿದ್ದೇನೆ. ಅವನ ಹೆಂಡತಿ, ವೈನಿ, ಒಂದು ಮಾತು ಆಡುತ್ತಾಳೆ, ಒಂದು ಬಿಡುತ್ತಾಳೆ. ಆದರೂ ಸುಂದರಾಬಾಯಿ ಅಂದರೆ ಮಾರ್ತಾಂಡ ಮಾಸ್ತರರ ತಂಗಿ ಅಂತ ಒಂದು ಹೆಸರಿದೆ.

ಜನ್ನತಳ ಕಷ್ಟ ಬೇರೆ. ಬೆಟಗೇರಿಯಲ್ಲಿ ಅತ್ತೆ ಫಕೀರಬಿಗೆ ಲಕ್ವ ಹೊಡೆದು ಒಂದು ಮಗ್ಗಲು ಬಿದ್ದುಹೋಗಿದೆ. ಮೂರು ವರ್ಷದ ಮಗಳು. ಗಂಡ ಫಕ್ರುಸಾಬ ಹೊಲಿಗೆ ಅಂಗಡಿ ಬಿಟ್ಟು ಬರುವ ಹಾಗಿಲ್ಲ. ಇದೆಲ್ಲ ನನಗೆ ಗೊತ್ತಿದೆ. ಗೊತ್ತಿದ್ದರೆ ನಾನೇನು ಮಾಡಲಿ?

6 ಜನವರಿ

ಎಲೆಕ್ಷನ್ ಎಣಿಕೆ. ಬೆಳಗಿನಿಂದ ಬೋರ್ಡಿನ ಮೇಲೆ ದೀಪ ಆರಿದ್ದೇ ಇಲ್ಲ. ವಯರು ಎತ್ತಿ ಎತ್ತಿ ಬಲ ಭುಜ ಮತ್ತೆ ಹಿಡಿದಿದೆ. ಇದೇ ಭುಜದಿಂದ ಇಪ್ಪತ್ಮೂರಕ್ಕೆ ಆಡಬೇಕು.

ಸಂಜೆ ಖಾಸಿಂಸಾಬರ ಆಟದ ಸಾಮಾನಿನ ಅಂಗಡಿಗೆ ಹೋದೆ. ಬ್ಯಾಟಿನ ಬಲೆ ಬಿಗಿ ಮಾಡಿಸಬೇಕಾಗಿತ್ತು. ಅವರು ಕಪಾಟಿನ ಮೇಲಿನಿಂದ ಒಂದು ಚೀಲ ಇಳಿಸಿದರು. ಮುಂಬೈಯಲ್ಲಿರುವ ಭಾವಮೈದುನ ಜಪಾನಿನದು ಅಂತ ಕಳಿಸಿದ್ದಾನಂತೆ.

“ಇದರ ಶಾಫ್ಟ್ ನೋಡ್ರಿ ಬಾಯಾರ. ಉಕ್ಕಲ್ಲ, ಕಟಗಿ ಅಲ್ಲ. ಕಾರ್ಬನ್ ಅಂತಾರ.”

ಹಿಡಿಕೆಗೂ ಬಲೆಗೂ ನಡುವಿನ ದಂಡ, ಪೆನ್ಸಿಲಿನಷ್ಟು ಸಣ್ಣ, ಕಪ್ಪು. ಕೈಗೆ ತೆಗೆದುಕೊಂಡರೆ ತೆಗೆದುಕೊಂಡ ಹಾಗೇ ಇಲ್ಲ. ಗಾಳಿಯಲ್ಲಿ ಒಮ್ಮೆ ಬೀಸಿದೆ. ಭುಜಕ್ಕೆ ಗೊತ್ತೇ ಆಗಲಿಲ್ಲ.

ಬೆಲೆ ನನ್ನ ಒಂದು ತಿಂಗಳ ಪಗಾರಕ್ಕಿಂತ ಮೇಲೆ. ಕೇಳಿ ವಾಪಸ್ ಕೊಟ್ಟೆ.

8 ಜನವರಿ

ಪೋಸ್ಟ್ ಆಫೀಸಿನ ಪುಸ್ತಕದಲ್ಲಿ ರೊಕ್ಕ ಇದೆ. ಬೇರೆ ಖೋಲಿ ಹಿಡಿಯಬೇಕೆಂದು ನಾಲ್ಕು ವರ್ಷದಿಂದ ಕೂಡಿಸಿದ್ದು. ನಾಲ್ಕು ವರ್ಷದಲ್ಲಿ ನಾನು ಹೋಗಿ ನೋಡಿದ ಖೋಲಿ ಒಂದೂ ಇಲ್ಲ, ಅದು ಬೇರೆ ಮಾತು.

ಬರೇ ಒಂದು ದಂಡಕ್ಕೆ ಇಷ್ಟು ರೊಕ್ಕವೇ? ಉಳಿದದ್ದೆಲ್ಲ ಅದೇ ಬಲೆ, ಅದೇ ಹಿಡಿಕೆ. ಆಡುವುದು ಕೈ, ದಂಡವಲ್ಲ. ಆದರೆ ಕೈ ನೋಯುತ್ತಿದ್ದರೆ? ಜನ್ನತಳ ಕೈ ನೋಯುವುದಿಲ್ಲ. ಆಕೆ ನನಗಿಂತ ಎರಡು ವರ್ಷ ಸಣ್ಣವಳು, ಅಂಗಳದ ತುಂಬ ಓಡುತ್ತಾಳೆ. ನನ್ನ ಕೈಲಿರುವುದು ಹೊಡೆತ ಒಂದೇ. ಅದೂ ಹೋದರೆ ಉಳಿಯುವುದೇನು?

9 ಜನವರಿ, ರವಿವಾರ

ಬ್ಯಾಟು ತಂದೆ. ಖಾಸಿಂಸಾಬರು ರೊಕ್ಕ ಕೇಳಲಿಲ್ಲ. ಹದಿನೈದು ದಿನ ಆಡಿ ನೋಡ್ರಿ, ಮನಸ್ಸಿಗೆ ಬಂದರೆ ರೊಕ್ಕ ತರ್ರಿ, ಬರದಿದ್ದರೆ ಬ್ಯಾಟು ತರ್ರಿ ಅಂದರು. ಗದಗಿನಲ್ಲಿ ಇದನ್ನು ಕೊಳ್ಳುವವರು ಬೇರೆ ಯಾರಿದ್ದಾರೆ ಅಂತ ತಾವೇ ನಕ್ಕರು.

ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಜನ್ನತಳಿಗೆ ಹೇಳಿಲ್ಲ. ಹೇಳಲೇಬೇಕೆಂದು ಏನಿದೆ? ಆಕೆ ಹೊಸ ಬೂಟು ತಂದರೆ ನನಗೆ ಹೇಳುತ್ತಾಳೆಯೇ?

ಹೇಳುತ್ತಾಳೆ. ಹೋದ ವರ್ಷ ತಂದಾಗ ಮೊದಲು ನನಗೇ ತೋರಿಸಿದ್ದಳು.

12 ಜನವರಿ

ಎರಡು ದಿನದಿಂದ ಮುಂಜಾನೆಯ ಮೊದಲ ಬಸ್ಸಿಗೆ ಶಿರಹಟ್ಟಿಗೆ ಹೋಗುತ್ತಿದ್ದೇನೆ. ಸೋದರತ್ತೆಯ ಮಗ ಶ್ರೀಪಾದ ಅಲ್ಲಿ ಹೈಸ್ಕೂಲ್ ಮಾಸ್ತರ, ಶಾಲೆಯ ಅಂಗಳದಲ್ಲಿ ನೆಟ್ ಕಟ್ಟಿದ್ದಾನೆ. ಗದಗಿನ ಕ್ಲಬ್ಬಿನ ಹಾಲ್‌ನಲ್ಲಿ ಆಡಿದರೆ ಜನ್ನತ್ ನೋಡುತ್ತಾಳೆ. ಸೋದರತ್ತೆಗೆ ಮೈಯಲ್ಲಿ ನೆಟ್ಟಗಿಲ್ಲ, ಕೆಲವು ದಿನ ಪ್ರಾಕ್ಟೀಸಿಗೆ ಬರುವುದಿಲ್ಲ ಅಂತ ಆಕೆಗೆ ಹೇಳಿದೆ. ಪಾಪ, ರಜೆ ಬೇಕಾದರೆ ತಾನು ಡ್ಯೂಟಿ ಅದಲು ಬದಲು ಮಾಡಿಕೊಳ್ಳುತ್ತೇನೆ ಅಂದಳು.

ಬ್ಯಾಟಿನ ಮಾತು. ಹೊಡೆಯುವಾಗ ದಂಡ ಒಂದು ಕ್ಷಣ ಹಿಂದಕ್ಕೆ ಬಾಗಿ ಮುಂದಕ್ಕೆ ಚಿಮ್ಮುತ್ತದೆ. ನಾನು ಕೊಟ್ಟ ಬಲಕ್ಕೆ ತನ್ನದೂ ಒಂದಿಷ್ಟು ಸೇರಿಸುತ್ತದೆ. ಭುಜ ಎತ್ತಿದ್ದು ಗೊತ್ತಾಗುವುದಿಲ್ಲ. ಆದರೆ ನೆಟ್ಟಿನ ಹತ್ತಿರ ಮೆಲ್ಲಗೆ ಇಳಿಸುವ ಹೊಡೆತಗಳೆಲ್ಲ ಉದ್ದ ಹೋಗಿ ಬೀಳುತ್ತಿವೆ. ಹತ್ತರಲ್ಲಿ ಏಳು. ಅಷ್ಟು ರೊಕ್ಕ ಕೊಟ್ಟು ಸೋಲುವುದಾದರೆ ಹಳೆಯದರಲ್ಲೇ ಸೋಲಬಹುದಲ್ಲ.

14 ಜನವರಿ, ಸಂಕ್ರಾಂತಿ

ಜನ್ನತ್ ಮಗಳನ್ನು ಕರೆದುಕೊಂಡು ಕುಸುರೆಳ್ಳು ತೆಗೆದುಕೊಳ್ಳಲು ಬಂದಳು, ಪ್ರತಿ ವರ್ಷದ ಹಾಗೆ. ಕೂತವಳೇ ವೈನಿಯನ್ನು ಸೋದರತ್ತೆ ಹೇಗಿದ್ದಾರೆ ಅಂತ ಕೇಳಿದಳು. ವೈನಿಗೆ ಏನು ಗೊತ್ತು? “ಅವರಿಗೇನಾಗ್ಯದ, ನಿನ್ನೆ ಸಂತಿಗೆ ಬಂದಿದ್ರಲ್ಲ” ಅಂದಳು.

ಜನ್ನತ್ ನನ್ನ ಕಡೆ ನೋಡಲಿಲ್ಲ. ಮಗಳ ಕೈಯೊಳಗಿನ ಎಳ್ಳು ಚೆಲ್ಲದ ಹಾಗೆ ಮುಚ್ಚಿಸುತ್ತ ಕೂತಳು. ಹೊರಡುವಾಗ ನಾನೇ ಕರೆದು ಟ್ರಂಕು ತೆರೆದೆ. ಆಕೆ ಬ್ಯಾಟು ತೆಗೆದುಕೊಂಡು ದಂಡವನ್ನು ಎರಡು ಬೆರಳಲ್ಲಿ ಸವರಿದಳು. ಒಮ್ಮೆ ಬೀಸಿದಳು.

“ಹಗುರ ಐತಿ” ಅಂದಳು. ಆಮೇಲೆ, “ನಿನ್ನ ಭುಜಕ್ಕ ಬೇಕಾಗಿತ್ತು. ಅದಕ ಇಷ್ಟು ಸುಳ್ಳು ಯಾಕ ಬೇಕಿತ್ತ?”

ನಾಳೆಯಿಂದ ಕ್ಲಬ್ಬಿಗೇ ಬಾ, ಹೊಸ ಬ್ಯಾಟಿಗೆ ಕೈ ಕೂಡಬೇಕಾದರೆ ಎದುರಿಗೆ ಸರಿಯಾಗಿ ಆಡುವವರು ಬೇಕು ಅಂತ ಹೇಳಿ ಹೋದಳು.

17 ಜನವರಿ

ಮೂರು ದಿನ ಆಕೆಯ ಎದುರಿಗೆ ಆಡಿದೆ. ನೆಟ್ಟಿನ ಹೊಡೆತ ಸರಿಹೋಗುತ್ತಿದೆ. ಎಲ್ಲಿ ಉದ್ದ ಹೋಗುತ್ತದೆ, ಮಣಿಕಟ್ಟು ಎಲ್ಲಿ ಸಡಿಲು ಬಿಡಬೇಕು, ಆಕೆಯೇ ಹೇಳಿದಳು.

ಯಾಕೆ ಹೇಳಿಕೊಡುತ್ತಾಳೆ? ನನ್ನ ಹೊಸ ಆಟ ಕಲಿತುಕೊಳ್ಳಲಿಕ್ಕೆ ಇರಬೇಕು. ಇವತ್ತು ಎರಡು ಹೊಡೆತ ಬೇಕೆಂದೇ ಹೊಡೆಯದೆ ಬಿಟ್ಟೆ. ಎಲ್ಲ ತೋರಿಸಬಾರದು.

22 ಜನವರಿ

ನಾಳೆ ಮುಂಜಾನೆ ಆರೂವರೆಯ ಗಾಡಿಗೆ ಹುಬ್ಬಳ್ಳಿ. ಅಣ್ಣ ಬರುತ್ತೇನೆ ಅಂದ. ಬೇಡ ಅಂದೆ.

23 ಜನವರಿ, ರವಿವಾರ

ಗೆದ್ದೆ. 11–7, 5–11, 11–9.

ತಲೆ ನೋಯುತ್ತಿದೆ.

24 ಜನವರಿ

ಅಣ್ಣ ಶಾಲೆಯಲ್ಲಿ ಪೇಢೆ ಹಂಚಿದನಂತೆ. ವೈನಿ ಹೋಳಿಗೆ ಮಾಡಿದಳು. ಆಫೀಸಿನಲ್ಲಿ ದತ್ತಾತ್ರಿಯವರು ಎದ್ದು ನಿಂತು ಕೈ ಮುಗಿದರು. ಫೆಬ್ರವರಿ ಕಡೆಗೆ ಬೆಂಗಳೂರಿನಲ್ಲಿ ರಾಜ್ಯದ ಪಂದ್ಯ, ಹೋಗಿಬರುವ ಖರ್ಚೆಲ್ಲ ಇಲಾಖೆಯದು. ನನ್ನ ಹೆಸರು ಕಳಿಸಿಯಾಗಿದೆ.

ಜನ್ನತ್ ಪಕ್ಕದ ಕುರ್ಚಿಯಲ್ಲೇ ಕೆಲಸ ಮಾಡಿದಳು. ಬಳ್ಳಾರಿಯ ಕಾಲ್ ಒಂದು ನನ್ನ ಕಡೆ ಸಿಕ್ಕಿಕೊಂಡಾಗ ಕೈ ಚಾಚಿ ವಯರು ಸರಿಮಾಡಿ ಕೊಟ್ಟಳು.

ಬ್ಯಾಟು ಒಳ್ಳೆಯದೇ. ಅದರ ಬಗ್ಗೆ ಸಂಶಯವಿಲ್ಲ. ಮೊದಲನೇ ಆಟದಲ್ಲಿ ಆಕೆಯ ಎಡಕ್ಕೆ ಹೊಡೆದ ನಾಲ್ಕು ಹೊಡೆತ ಹಳೆ ಬ್ಯಾಟಿನಿಂದ ಆಗುತ್ತಿರಲಿಲ್ಲ. ಆಟ ಮುಗಿದ ಮೇಲೂ ಭುಜ ನೋಯಲಿಲ್ಲ. ಇವತ್ತಿಗೆ ಹದಿನೈದು ದಿನ. ರೊಕ್ಕ ಕೊಡಬೇಕಾಗಿತ್ತು. ಹೋಗಲಿಲ್ಲ.

26 ಜನವರಿ

ನಿನ್ನೆ ಪುಸ್ತಕದಿಂದ ರೊಕ್ಕ ತೆಗೆದಿದ್ದೆ. ಇವತ್ತು ಖಾಸಿಂಸಾಬರ ಅಂಗಡಿಗೆ ಹೋದೆ. ಅವರು ಸ್ಟೂಲು ಹಾಕಿ ಕುಂಡ್ರಿಸಿ, ಕಡೇ ಪಾಯಿಂಟ್ ಹೇಗೆ ಬಂತು ಹೇಳ್ರಿ ಅಂದರು. ಆಕೆ ಹೊಡೆದದ್ದು ಔಟ್ ಆಯಿತು ಅಂದೆ. ಅಂದವಳೇ ಎದ್ದೆ. ರೊಕ್ಕ ಚೀಲದಲ್ಲೇ ಉಳಿಯಿತು. ಇನ್ನೆರಡು ದಿನ ಬಿಟ್ಟು ಕೊಡುತ್ತೇನೆ ಅಂದೆ. ಅವರು ಅವಸರ ಇಲ್ಲ ಅಂದರು.

28 ಜನವರಿ, ಶುಕ್ರವಾರ

ಜನ್ನತಳ ಆರ್ಡರ್ ಬಂತು. ಫೆಬ್ರವರಿ ಹದಿನಾಲ್ಕಕ್ಕೆ ಮುಂಡರಗಿಗೆ ಹಾಜರಾಗಬೇಕು. ಆಕೆ ಓದಿ, ಸಹಿ ಮಾಡಿ, ಮತ್ತೆ ಬೋರ್ಡಿಗೆ ಬಂದು ಕೂತಳು. ಮಧ್ಯಾಹ್ನ ನನ್ನನ್ನು ಕೇಳಿದಳು, ಕಡೇ ಬಸ್ಸು ಅಲ್ಲಿಂದ ಎಷ್ಟಕ್ಕೆ ಬಿಡುತ್ತದೆ, ನಿನಗೇನಾದರೂ ಗೊತ್ತೇನು ಅಂತ. ದಿನಾ ಹೋಗಿ ಬರುತ್ತಾಳಂತೆ. ಅತ್ತೆಗೆ ಮಗ್ಗಲು ಹೊರಳಿಸಲಿಕ್ಕೆ, ಊಟ ಮಾಡಿಸಲಿಕ್ಕೆ ಓಣಿಯ ಹೆಣ್ಣುಮಗಳೊಬ್ಬಳನ್ನು ಕೇಳಿದ್ದಾಳೆ.

ಈಗ ಬರೆದುಬಿಡುತ್ತೇನೆ.

ಮೂರನೇ ಆಟ. ಹತ್ತು-ಒಂಬತ್ತು, ಸರ್ವ್ ನನ್ನದು. ಅಂಪೈರು ನೆಟ್ಟಿನ ಪಕ್ಕದ ಸ್ಟೂಲಿನ ಮೇಲೆ ಇದ್ದರು. ಹಿಂದಿನ ಗೆರೆಗಳಿಗೆ ಯಾರೂ ಇರಲಿಲ್ಲ. ನಮ್ಮ ನಮ್ಮ ಬದಿಯ ಗೆರೆಯನ್ನು ನಾವೇ ಹೇಳಬೇಕಾಗಿತ್ತು. ಜನ್ನತ್ ಎತ್ತರಕ್ಕೆ ಎತ್ತಿ ಹಿಂದಕ್ಕೆ ಹೊಡೆದಳು. ಉದ್ದವಾಯಿತು ಅಂದುಕೊಂಡು ನಾನು ಬಿಟ್ಟೆ. ತಿರುಗಿ ನೋಡಿದೆ. ಶಟಲ್ ಗೆರೆಯ ಮೇಲೆ ಬಿತ್ತು. ಬಿಳಿ ಬಣ್ಣದ ಮೇಲೆ ಅದರ ಬುಡ ಬಡಿದು ಹೊರಳಿದ್ದನ್ನು ನೋಡಿದೆ. ಅಂಪೈರು ನನ್ನ ಕಡೆ ನೋಡಿದರು. ಔಟ್ ಅಂದೆ.

ಒಳಗೆ ಅಂದಿದ್ದರೂ ಆಕೆಗೆ ಪಾಯಿಂಟ್ ಬರುತ್ತಿರಲಿಲ್ಲ, ಸರ್ವ್ ಅಷ್ಟೇ ಹೋಗುತ್ತಿತ್ತು. ಆಮೇಲೂ ನಾನೇ ಗೆಲ್ಲಬಹುದಾಗಿತ್ತು. ಐದು ದಿನದಿಂದ ಇದೇ ಮಾತನ್ನು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಗೆಲ್ಲಬಹುದಾಗಿದ್ದರೆ ಯಾಕೆ ಹಾಗೆ ಅಂದೆ?

30 ಜನವರಿ, ರವಿವಾರ

ಬೆಟಗೇರಿಗೆ ನಡೆದೇ ಹೋದೆ. ಜನ್ನತ್ ಅತ್ತೆಯ ತಲೆ ಬಾಚುತ್ತಿದ್ದಳು. ಫಕೀರಬಿಗೆ ಮಾತು ತೊದಲುತ್ತದೆ, ಆದರೂ ನನ್ನ ಕೈ ಹಿಡಿದು ಕುಂಡ್ರು ಕುಂಡ್ರು ಅಂದಳು. ಕೂತೆ. ಕಡೆಗೆ ಜನ್ನತ್ ಹಿತ್ತಲಿಗೆ ನೀರು ತರಲು ಹೋದಾಗ ಬೆನ್ನ ಹಿಂದೆ ಹೋಗಿ ಹೇಳಿದೆ.

“ಅದು ಗೆರಿ ಮ್ಯಾಲ ಬಿದ್ದಿತ್ತು. ನಾ ನೋಡಿದೆ.”

ಆಕೆ ಕೊಡ ಕೆಳಗಿಟ್ಟಳು.

“ನಾನೂ ನೋಡಿದೆ” ಅಂದಳು.

ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ, ಅಂಪೈರನ್ನು ಯಾಕೆ ಕೇಳಲಿಲ್ಲ ಅಂದೆ. ನನ್ನ ದನಿ ಏರಿತ್ತು, ತಪ್ಪು ಆಕೆಯದೇ ಅನ್ನುವ ಹಾಗೆ.

“ನೀ ಖರೇನ ನೋಡಿಲ್ಲ ಅಂತ ಅನ್ಕೊಂಡೆ ಸುಂದರಾ. ಹಂಗ ಅನ್ಕೊಂಡ್ರ ನಾಳೆ ನಿನ್ನ ಮಗ್ಗಲಾಗ ಕುಂತು ಕೆಲಸ ಮಾಡಾಕ ಆಗತೈತಿ. ಇಲ್ಲಂದ್ರ ಆಗತಿರಲಿಲ್ಲ.” ಸೆರಗಿಗೆ ಕೈ ಒರೆಸಿಕೊಂಡು ಅಂದಳು, “ಈಗ ನೀನ ಬಂದು ಹೇಳಿದಿ. ಇನ್ನ ಹೆಂಗ ಅನ್ಕೊಳ್ಳಲಿ?”

ಕೊಡ ಎತ್ತಿಕೊಂಡು ಒಳಗೆ ಹೋದಳು. ನಾನು ಹಿತ್ತಲ ಬಾಗಿಲಿನಿಂದಲೇ ಹೊರಟು ಬಂದೆ. ಫಕೀರಬಿಗೆ ಬರುತ್ತೇನೆ ಅಂತ ಸಹ ಹೇಳಲಿಲ್ಲ.

31 ಜನವರಿ

ದತ್ತಾತ್ರಿಯವರ ಮೇಜಿನ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಆಟ ಮತ್ತೆ ಆಡಿಸಲಿಕ್ಕೆ ಬರುವುದಿಲ್ಲ, ನಾನು ತಂಡದಿಂದ ಹೆಸರು ಹಿಂದೆ ತೆಗೆದುಕೊಂಡರೆ ಎರಡನೆಯವಳಾದ ಜನ್ನತಬಿಯ ಹೆಸರು ಹೋಗುತ್ತದೆ, ಆರ್ಡರೂ ಅದರಂತೆ ತಿರುಗುತ್ತದೆ ಅಂದರು.

“ಕಾರಣ ಏನಂತ ಬರೀತೀರಿ? ಭುಜದ ನೋವು ಅಂತ ಬರೀರಿ, ನಡೀತದ.”

ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದರು. ನಾನು ನಡೆದದ್ದನ್ನೇ ಬರೆದೆ, ನಾಲ್ಕು ಸಾಲು. ಅವರು ಓದಿ ಎರಡು ಮಡಿಕೆ ಮಾಡಿ ಒಳಗಿಟ್ಟರು.

ಅಲ್ಲಿಂದ ಖಾಸಿಂಸಾಬರ ಅಂಗಡಿಗೆ. ಬ್ಯಾಟು ಕೊಟ್ಟೆ. ಅವರು ಬೆಳಕಿಗೆ ಹಿಡಿದು ದಂಡ ನೋಡಿದರು, ಬಲೆ ಒತ್ತಿ ನೋಡಿದರು. ಏನು ಕೊರತೆ ಕಂಡಿತು ಅಂತ ಕೇಳಿದರು. ಒಂದೂ ಇಲ್ಲ, ನಾಲ್ಕು ದಿನ ನೆಟ್ಟಿನ ಹೊಡೆತ ಉದ್ದ ಹೋಗುತ್ತದೆ, ಆಮೇಲೆ ಕೈ ಕೂಡುತ್ತದೆ, ಭುಜಕ್ಕಂತೂ ಔಷಧ ಇದ್ದ ಹಾಗೆ ಅಂತ ಇದ್ದದ್ದು ಹೇಳಿದೆ. ಹಾಗಾದರೆ ವಾಪಸ್ ಯಾಕೆ ಅಂದರು. ಮುಂಡರಗಿಯಲ್ಲಿ ಖೋಲಿ ಹಿಡಿಯಬೇಕು ಅಂದೆ.

2 ಫೆಬ್ರವರಿ

ಅಣ್ಣ ಎರಡು ದಿನದಿಂದ ನನ್ನೊಡನೆ ಮಾತಾಡಿಲ್ಲ. ಪೇಢೆ ತಿಂದ ಮಾಸ್ತರರಿಗೆಲ್ಲ ಈಗ ಏನು ಹೇಳಬೇಕು ಅಂತ ವೈನಿಯ ಮುಂದೆ ಅಂದನಂತೆ. ವೈನಿಗೆ ಖುಷಿಯಾಗಬಹುದು ಅಂದುಕೊಂಡಿದ್ದೆ. ಆಕೆ ಅಟ್ಟದ ಮೇಲಿನ ಸಣ್ಣ ಸ್ಟವ್ ಇಳಿಸಿ, ಬತ್ತಿ ಬದಲಾಯಿಸಿ, ಬೂದಿ ಹಚ್ಚಿ ತಿಕ್ಕುತ್ತ ಕೂತಿದ್ದಳು. ಕಣ್ಣು ಒರೆಸಿಕೊಂಡು ಸೀಮೆಎಣ್ಣೆಯ ಘಾಟು ಅಂದಳು. ಸ್ಟವ್‌ಗೆ ಇನ್ನೂ ಎಣ್ಣೆ ಹಾಕಿರಲಿಲ್ಲ.

16 ಫೆಬ್ರವರಿ, ಮುಂಡರಗಿ

ಖೋಲಿ ಸಿಕ್ಕಿತು. ಗದಿಗೆವ್ವ ಅನ್ನುವವರ ಮನೆಯ ಹಿಂದಿನದು. ಬೇರೆ ಬಾಗಿಲು ಇದೆ. ಒಬ್ಬಾಕೆನ ಇರತೀಯೇನವಾ ಅಂತ ಕೇಳಿದರು. ಹೌದ್ರಿ ಅಂದೆ. ಹಂಗಾರ ಹಿತ್ತಲದಾಗ ಬಟ್ಟಿ ಒಣಹಾಕಾಕ ಹಗ್ಗ ಕಟಗೋ ಅಂದರು. ಮುಂದೆ ಏನಾದರೂ ಕೇಳುತ್ತಾರೆ ಅಂತ ಕಾಯುತ್ತ ನಿಂತೆ. ಅವರು ಎಮ್ಮೆಗೆ ನೀರು ಕುಡಿಸಲು ಹೋದರು.

ಇಲ್ಲಿನ ಬೋರ್ಡು ಸಣ್ಣದು. ಪರಊರಿಗೆ ಯಾರು ಮಾತಾಡಬೇಕಾದರೂ ಗದಗಿನ ಮೂಲಕವೇ ಹೋಗಬೇಕು. ಮೊನ್ನೆ ಸೇರಿದ ದಿನವೇ ಮೊದಲ ಸಲ ಗದಗಿಗೆ ರಿಂಗ್ ಮಾಡಿದೆ. ಆ ಕಡೆ ಜನ್ನತ್.

“ಗದಗ. ನಂಬರ್ ಹೇಳ್ರಿ ಮುಂಡರಗಿ.”

ಹೇಳಿದೆ. ಕೂಡಿಸಿ ಕೊಟ್ಟಳು. ದಿನಕ್ಕೆ ಹದಿನೈದು ಇಪ್ಪತ್ತು ಸಲ ಹೀಗೆ. ‘ರಿ’ ಹಚ್ಚಿಯೇ ಮಾತಾಡುತ್ತಾಳೆ.

27 ಫೆಬ್ರವರಿ

ಇವತ್ತು ಏನೂ ಆಗಲಿಲ್ಲ. ಅವಲಕ್ಕಿ ಹಚ್ಚಿದೆ. ಬಾಗಿಲು ತೆರೆದಿಟ್ಟು ಮಧ್ಯಾಹ್ನ ಮಲಗಿದೆ. ಗದಿಗೆವ್ವ ಒಂದು ಚರಿಗೆ ಮಜ್ಜಿಗೆ ಇಟ್ಟುಹೋಗಿದ್ದರು, ಎದ್ದಾಗ ನೋಡಿದೆ. ಸಂಜೆ ಹಿತ್ತಲಲ್ಲಿ ಹೆಜ್ಜೆ ಹಾಕಿ ಅಳೆದೆ. ಶಟಲ್ ಅಂಗಳಕ್ಕೆ ಉದ್ದ ಸಾಲುತ್ತದೆ. ಅಗಲಕ್ಕೆ ಎಮ್ಮೆಯ ಗೂಟ ಅಡ್ಡ ಬರುತ್ತದೆ.

8 ಮಾರ್ಚ್

ಜನ್ನತ್ ಬೆಂಗಳೂರಿನಿಂದ ಬಂದಿದ್ದಾಳೆ. ಮಧ್ಯಾಹ್ನ ಹುಬ್ಬಳ್ಳಿಯ ಕಾಲ್ ಒಂದಕ್ಕೆ ಇಬ್ಬರೂ ಲೈನ್ ಕಾಯುತ್ತಿದ್ದೆವು. ಕಿವಿಯಲ್ಲಿ ಆಕೆಯ ಉಸಿರು ಕೇಳುತ್ತಿತ್ತು. ನಾನು ಕೇಳಲಿಲ್ಲ, ಆಕೆಯೇ ಹೇಳಿದಳು.

“ಎರಡನೇ ಸುತ್ತಿನಾಗ ಸೋತೆ. ಪ್ರಾಕ್ಟೀಸ ಇರಲಿಲ್ಲ. ಗದಗಿನಾಗ ನನ್ನ ಕೂಡ ಆಡವರು ಯಾರದಾರ?”

ಅಷ್ಟರಲ್ಲಿ ಹುಬ್ಬಳ್ಳಿ ಸಿಕ್ಕಿತು.

14 ಮಾರ್ಚ್, ಸೋಮವಾರ

ನಿನ್ನೆ ಗದಗಿಗೆ ಹೋಗಿದ್ದೆ. ಅಣ್ಣ ಮಾತಾಡಿದ, ಖೋಲಿಯ ಛಾವಣಿ ಸೋರುವುದಿಲ್ಲ ಹೌದಲ್ಲ ಅಂತ ಕೇಳಿದ. ಊಟ ಆದ ಮೇಲೆ ಖಾಸಿಂಸಾಬರ ಅಂಗಡಿಯ ಮುಂದೆ ಹಾದೆ, ಒಳಗೆ ಹೋದೆ. ಬ್ಯಾಟು ಕಪಾಟಿನ ಮೇಲೆ ಹಾಗೇ ಇತ್ತು. ಖೋಲಿಗೆ ನಾನು ಅಂದುಕೊಂಡಷ್ಟು ರೊಕ್ಕ ಹತ್ತಲಿಲ್ಲ. ಈ ಊರಲ್ಲಿ ಬಾಡಿಗೆ ಕಡಿಮೆ. ರೊಕ್ಕ ಕೊಟ್ಟು ಬ್ಯಾಟು ತೆಗೆದುಕೊಂಡೆ. ಇನ್ನು ಯಾವ ಆಯ್ಕೆಯೂ ಇಲ್ಲ, ಯಾವ ತಂಡವೂ ಇಲ್ಲ, ಈಗ ಯಾಕ್ರಿ ಬಾಯಾರ ಅಂತ ಅವರಿಗೆ ಆಶ್ಚರ್ಯ. ಬೀಸಿದಾಗ ಚೆನ್ನಾಗಿರುತ್ತದೆ ಅಂದೆ. ಇದಕ್ಕಿಂತ ದೊಡ್ಡ ಕಾರಣ ನನಗೂ ಹೊಳೆಯಲಿಲ್ಲ.

ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ ಚೀಲ ನೋಡಿ, ಸಂಗೀತದ್ದೇನ್ರಿ ಅಂದ.

ಇವತ್ತು ಹತ್ತು ಗಂಟೆಯ ಹೊತ್ತಿಗೆ ಗದಗಿನಿಂದ ರಿಂಗ್ ಬಂತು. ಯಾವುದೋ ಅಂಗಡಿಯವರಿಗೆ ಕಾಲ್ ಇರಬೇಕೆಂದು ಪೆನ್ಸಿಲ್ ಹಿಡಿದು ನಂಬರ್ ಹೇಳ್ರಿ ಅಂದೆ.

“ನಂಬರಿಲ್ಲ” ಅಂದಳು ಜನ್ನತ್. “ಶನಿವಾರ ನಿನ್ನ ಡ್ಯೂಟಿ ಎಷ್ಟಕ್ಕ ಮುಗಿತೈತಿ?”

ಎರಡಕ್ಕೆ ಅಂದೆ. ಒಂದೂವರೆಯ ಬಸ್ಸಿಗೆ ಹೊರಡುತ್ತಾಳಂತೆ, ಬ್ಯಾಟು ತರುತ್ತಾಳಂತೆ, ಮಗಳನ್ನೂ ಕರೆದುಕೊಂಡು ಬರುತ್ತಾಳಂತೆ. ಕ್ಷಮಿಸಿದೆ ಅಂತ ಏನೂ ಅನ್ನಲಿಲ್ಲ. ಅದನ್ನು ಕೇಳುವ ಧೈರ್ಯ ನನಗೂ ಬರಲಿಲ್ಲ.

ಸಂಜೆ ಗದಿಗೆವ್ವನನ್ನು ಕೇಳಿ ಎಮ್ಮೆಯ ಗೂಟ ಗೋಡೆಯ ಕಡೆಗೆ ಸರಿಸಿದೆ. ಕೈಯೆಲ್ಲ ಬೊಬ್ಬೆ. ಜನ್ನತ್ ಬಂದಾಗ ಮೊದಲನೇ ಆಟ ಹೊಸ ಬ್ಯಾಟಿನಿಂದ ನೀನೇ ಆಡು ಅಂತ ಹೇಳಬೇಕು ಅಂದುಕೊಂಡಿದ್ದೇನೆ. ಹೇಳುತ್ತೇನೋ ಇಲ್ಲವೋ, ನೋಡೋಣ. ನಾನೇ ಇನ್ನೂ ಮನಸಾರೆ ಆಡಿಲ್ಲ.